ನಾಲ್ವರಿಗೆ ಬುಕಿಂಗ್, ಒಂಬತ್ತು ಮಂದಿಯ ವಾಸ್ತವ್ಯ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲಾಟ್ ಇದೆ. ನಾವು ಬೆಂಗಳೂರಿನಲ್ಲಿ ನೆಲೆಸಿರುವುದರಿಂದ ಅದನ್ನು ಏರ್‌ಬಿಎನ್‌ಬಿ ಆ್ಯಪ್ ಮೂಲಕ ದಿನದ ಬಾಡಿಗೆಗೆ ಕೊಡುತ್ತೇವೆ. ದಸರಾ ಸಮಯದಲ್ಲಿ ನಾಲ್ವರಿಗೆಂದು ಬುಕ್ ಮಾಡಿದ ಕುಟುಂಬವೊಂದು ಜಂಬೂಸವಾರಿಯ ಹಿಂದಿನ ದಿನ ಒಂಬತ್ತು ಮಂದಿಯಾಗಿ ಬಂದು ಉಳಿದುಕೊಂಡಿತು. ವಾಚ್‌ಮನ್ ನಮಗೆ ಫೋನ್ ಮಾಡುವ ಹೊತ್ತಿಗೆ ರಾತ್ರಿ ಹತ್ತೂವರೆಯಾಗಿತ್ತು. ವಿಚಾರಿಸಿದರೆ, "ಎಲ್ಲರೂ ನಮ್ಮ ಮನೆಯವರೇ, ಹಾಲ್‌ನಲ್ಲಿ ಮಲಗುತ್ತಾರೆ ಬಿಡಿ" ಎಂಬ ಉತ್ತರ ಬಂತು. ಅವರಲ್ಲೊಬ್ಬರು ಅಮೆರಿಕದ ಪಾಸ್‌ಪೋರ್ಟ್ ಹೊಂದಿದ್ದರು ಎಂಬುದು ಅವರು ಖಾಲಿ ಮಾಡಿದ ಮೇಲೆ ತಿಳಿಯಿತು. ಇಂಥವರನ್ನು ಆ ರಾತ್ರಿಯೇ ಹೊರಗೆ ಕಳುಹಿಸಬಹುದೇ? ಹೆಚ್ಚುವರಿ ಹಣ ಕೇಳಬಹುದೇ?
– ಫ್ಲಾಟ್ ಮಾಲೀಕರು, ಬೆಂಗಳೂರು

ಉತ್ತರ: ಪತ್ರದ ಕೊನೆಯಲ್ಲಿ ನೀವು ಹೇಳಿ ಮುಂದೆ ಸಾಗಿರುವ ಪಾಸ್‌ಪೋರ್ಟಿನ ಸಂಗತಿಯೇ ಎಲ್ಲಕ್ಕಿಂತ ಗಂಭೀರವಾದದ್ದು. ಆದ್ದರಿಂದ ಅದನ್ನೇ ಮೊದಲು ನೋಡೋಣ. ವಿದೇಶಿ ಪ್ರಜೆಯೊಬ್ಬರಿಗೆ ತಂಗಲು ಜಾಗ ಕೊಟ್ಟವರು, ಅದು ಹೋಟೆಲ್ ಆಗಿರಲಿ ಫ್ಲಾಟ್ ಆಗಿರಲಿ, ಅವರು ಬಂದ 24 ಗಂಟೆಗಳೊಳಗೆ ಆ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕೆಂಬ ನಿಯಮವಿದೆ. 'ಸಿ ಫಾರ್ಮ್' ಎಂದು ರೂಢಿಯಲ್ಲಿರುವುದು ಇದೇ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದ್ದರೂ ಮಾಹಿತಿ ನೀಡುವ ಈ ಹೊಣೆ ಮಾಲೀಕರ ಮೇಲೆಯೇ ಉಳಿದಿದೆ. ಯೋಗ ಕಲಿಯಲು ಹೊರದೇಶದವರು ಬಂದಿಳಿಯುವ ಗೋಕುಲಂನಲ್ಲಿ ಮನೆ ಕೊಡುವವರಿಗೆ ಇದು ಹೊಸದಲ್ಲ. ಆದರೆ ಕುಟುಂಬವೊಂದು ಕನ್ನಡ ಮಾತನಾಡುತ್ತಾ ಬಂದಾಗ, ಅದರಲ್ಲೊಬ್ಬರು ಕಾನೂನಿನ ಕಣ್ಣಿಗೆ ವಿದೇಶಿ ಪ್ರಜೆಯಾಗಿರಬಹುದೆಂಬುದು ಮಾಲೀಕರಿಗೆ ಹೊಳೆಯುವುದಿಲ್ಲ. ಡಲ್ಲಾಸ್‌ನಿಂದ ಹಬ್ಬಕ್ಕೆ ಬಂದ ಅಣ್ಣನ ಮಗನ ಮಾತೃಭಾಷೆ ಯಾವುದೇ ಇರಲಿ, ಪಾಸ್‌ಪೋರ್ಟ್ ಹೊರದೇಶದ್ದಾಗಿದ್ದರೆ ಅವರು ವಿದೇಶಿ ಪ್ರಜೆಯೇ. ಹೆಸರು ದಾಖಲಾಗದ ಅತಿಥಿಯಿಂದ ಆಗುವ ನಿಜವಾದ ತೊಂದರೆ ಇದು. ಹೆಚ್ಚು ಜನ ಉಳಿದುದರಿಂದ ಆದ ಖರ್ಚು ಅದರ ಮುಂದೆ ಸಣ್ಣದು.

ಇನ್ನು ಆ ರಾತ್ರಿಯೇ ಹೊರಗೆ ಕಳುಹಿಸುವ ಮಾತು. ದಿನದ ಬಾಡಿಗೆಗೆ ಬಂದವರು ಸಾಮಾನ್ಯವಾಗಿ ಬಾಡಿಗೆದಾರರಾಗುವುದಿಲ್ಲ. 1882ರ ಭಾರತೀಯ ಸವಲತ್ತುಗಳ ಕಾಯ್ದೆ (ಈಸ್‌ಮೆಂಟ್ಸ್ ಆ್ಯಕ್ಟ್) ಇಂಥದ್ದನ್ನು ಪರವಾನಗಿ, ಅಂದರೆ ನಿರ್ದಿಷ್ಟ ಬಳಕೆಗೆ ಕೊಟ್ಟ ಅನುಮತಿ ಎಂದು ಗುರುತಿಸುತ್ತದೆ. ನೀವು ಅನುಮತಿ ಕೊಟ್ಟದ್ದು ನಾಲ್ವರಿಗೆ. ಉಳಿದ ಐವರಿಗೆ ಅಲ್ಲಿ ರಾತ್ರಿ ಕಳೆಯುವ ಹಕ್ಕು ಇರಲಿಲ್ಲ. ಹೀಗಿದ್ದರೂ ಅದೇ ಕಾಯ್ದೆಯ 63ನೇ ಕಲಂ, ಅನುಮತಿ ಹಿಂತೆಗೆದುಕೊಂಡಾಗ ಜಾಗ ಬಿಟ್ಟು ಸಾಮಾನು ಸಾಗಿಸಲು ಸಮಂಜಸವಾದ ಕಾಲಾವಕಾಶ ಸಿಗಬೇಕು ಎನ್ನುತ್ತದೆ. ದಸರಾ ಜನಸಂದಣಿಯಲ್ಲಿ ಮೈಸೂರಿನಲ್ಲಿ ಒಂದು ಕೋಣೆಯೂ ಸಿಗದ ರಾತ್ರಿ ಹತ್ತೂವರೆಗೆ, ಮಕ್ಕಳು ಮುದುಕರಿರುವ ಕುಟುಂಬದ ಐವರನ್ನು ಬೀದಿಗೆ ಇಳಿಸುವುದು ಸಮಂಜಸ ಎಂದು ಯಾರೂ ಒಪ್ಪಲಾರರು. ಕರೆಂಟ್ ತೆಗೆಯುವುದು, ನೀರಿನ ವಾಲ್ವ್ ಬಂದ್ ಮಾಡುವುದು, ವಾಚ್‌ಮನ್‌ನನ್ನು ಕಳುಹಿಸಿ ಬಾಗಿಲು ಬಡಿಸುವುದು ಇವೆಲ್ಲ ನ್ಯಾಯ ನಿಮ್ಮ ಕಡೆಗಿದ್ದ ಪ್ರಕರಣವನ್ನು ನಿಮ್ಮ ವಿರುದ್ಧವೇ ತಿರುಗಿಸುತ್ತವೆ. ಕುಡಿದು ಗಲಾಟೆ ಮಾಡುವ, ನೆರೆಯವರಿಗೆ ಬೆದರಿಕೆ ಹಾಕುವ ಗುಂಪಾಗಿದ್ದರೆ ಮಾತು ಬೇರೆ. ಆಗ 112ಕ್ಕೆ ಕರೆ ಮಾಡಿ, ನೀವು ಮಾತ್ರ ಮೆಟ್ಟಿಲು ಹತ್ತಬೇಡಿ.

ಅಂಥ ರಾತ್ರಿಯಲ್ಲಿ ಮಾಡಬೇಕಾದದ್ದು ಬರೆಯುವ ಕೆಲಸ. ಫೋನಿನಲ್ಲಿ ಎಷ್ಟೇ ಮಾತನಾಡಿದ್ದರೂ ಕೂಡಲೇ ಆ್ಯಪ್‌ನ ಸಂದೇಶದಲ್ಲಿ ಹೀಗೆ ಬರೆದಿಡಿ: "ಬುಕಿಂಗ್ ನಾಲ್ವರಿಗೆ ಆಗಿದ್ದು, ಈಗ ಒಂಬತ್ತು ಮಂದಿ ಇರುವುದನ್ನು ನೀವು ಫೋನಿನಲ್ಲಿ ತಿಳಿಸಿದ್ದೀರಿ. ಉಳಿಯುವ ಎಲ್ಲರ ಹೆಸರು ಮತ್ತು ಗುರುತಿನ ಚೀಟಿ, ವಿದೇಶಿ ಪ್ರಜೆಗಳಿದ್ದರೆ ಅವರ ಪಾಸ್‌ಪೋರ್ಟ್ ಮತ್ತು ವೀಸಾ ವಿವರಗಳನ್ನು ಇಂದು ರಾತ್ರಿಯೇ ಕಳುಹಿಸಿ. ಹೆಚ್ಚುವರಿ ಅತಿಥಿಗಳ ಶುಲ್ಕಕ್ಕಾಗಿ ಬುಕಿಂಗ್ ಬದಲಾವಣೆಯ ಕೋರಿಕೆ ಕಳುಹಿಸುತ್ತಿದ್ದೇನೆ, ಒಪ್ಪಿಕೊಳ್ಳಿ. ಒಪ್ಪಿಗೆಯಿಲ್ಲದಿದ್ದರೆ ನಾಳೆ ಬೆಳಿಗ್ಗೆ ಹೆಚ್ಚುವರಿ ಅತಿಥಿಗಳು ಬೇರೆ ಕಡೆ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ." ಇದರಲ್ಲಿ ಬೈಗುಳವೂ ಇಲ್ಲ, ಬೆದರಿಕೆಯೂ ಇಲ್ಲ. ನಿಮಗೆ ಗೊತ್ತಾದದ್ದು ಯಾವಾಗ, ನೀವು ಒಪ್ಪಿದ್ದು ಏನನ್ನು, ಒಪ್ಪದಿದ್ದದ್ದು ಏನನ್ನು ಎಂಬುದಕ್ಕೆ ಮಾತ್ರ ದಾಖಲೆ ಇರುತ್ತದೆ. ಆ ರಾತ್ರಿ ಸುಮ್ಮನಿದ್ದು, ಅವರು ಊರು ಸೇರಿದ ಮೇಲೆ ಹಣ ಕೇಳುವ ಮಾಲೀಕರಿಗೆ, ಗೊತ್ತಿದ್ದೂ ಸುಮ್ಮನಿದ್ದಿರಲ್ಲ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಅತಿಥಿಗಳು ಕೋರಿಕೆಯನ್ನು ತಿರಸ್ಕರಿಸಿದರೆ ಏರ್‌ಬಿಎನ್‌ಬಿ ಸಂಸ್ಥೆಯ ಸಹಾಯವಾಣಿಗೆ ವಿಷಯ ಒಪ್ಪಿಸಿ. ಸಿಟ್ಟಿನಲ್ಲಿ ನೀವೇ ರದ್ದು ಮಾಡಿದರೆ ಅದು ಮಾಲೀಕರ ಕಡೆಯ ರದ್ದತಿಯೆಂದು ದಾಖಲಾಗುವ ಸಂಭವವಿದೆ.

ಹಣ ಕೇಳಬಹುದು, ಆದರೆ ಮೊದಲೇ ತಿಳಿಸಿದ್ದ ದರದಲ್ಲಿ. ಒಬ್ಬ ಹೆಚ್ಚುವರಿ ಅತಿಥಿಗೆ ರಾತ್ರಿಗೆ ಇಷ್ಟು ಎಂಬ ಶುಲ್ಕವನ್ನು ಜಾಹೀರಾತಿನಲ್ಲೇ ನಮೂದಿಸಲು ಏರ್‌ಬಿಎನ್‌ಬಿಯಲ್ಲಿ ಅವಕಾಶವಿದೆ. ಎರಡು ವರ್ಷದೊಳಗಿನ ಕೂಸುಗಳನ್ನು ಅಲ್ಲಿ ತಲೆಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೂ ನೆನಪಿನಲ್ಲಿರಲಿ. ನಿಯಮ ಮುರಿದರೆ ಇಪ್ಪತ್ತು ಸಾವಿರ ದಂಡ ಎಂದು ಕೆಲವರು ಬಾಗಿಲಿಗೆ ಅಂಟಿಸಿರುತ್ತಾರೆ. ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ದಕ್ಕುವುದು ಸಮಂಜಸ ಪರಿಹಾರ ಮಾತ್ರ. ಆದ್ದರಿಂದ ನಷ್ಟವನ್ನು ಲೆಕ್ಕದಲ್ಲಿ ತೋರಿಸಿ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಮಾನದಂಡವನ್ನೇ ಹಿಡಿದರೆ ನಾಲ್ವರಿಗೆ 540 ಲೀಟರ್, ಒಂಬತ್ತು ಮಂದಿಗೆ 1,215 ಲೀಟರ್ ಆಗುತ್ತದೆ. ನೀರಿನ ಟ್ಯಾಂಕರ್ ತರಿಸಿದ ಬಿಲ್, ಹಾಸಿಗೆ ಬಟ್ಟೆ ಒಗೆಸಿದ ಚೀಟಿ, ಹಾನಿಯಾಗಿದ್ದರೆ ದಿನಾಂಕವಿರುವ ಫೋಟೊ ಇವು ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಹಾನಿಯ ಕೋರಿಕೆಯನ್ನು ಅತಿಥಿಗಳು ಖಾಲಿ ಮಾಡಿದ 14 ದಿನಗಳೊಳಗೆ ಏರ್‌ಬಿಎನ್‌ಬಿಗೆ ಸಲ್ಲಿಸಬೇಕು.

ಮುಂದಿನ ಸಲ ತಲೆ ಎಣಿಸಲು ಒಳಗೆ ಕ್ಯಾಮೆರಾ ಇಡುವ ಯೋಚನೆ ಬಂದರೆ ಅದನ್ನು ಅಲ್ಲಿಯೇ ಬಿಡಿ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಎಲ್ಲೆಡೆ ನಿಷೇಧಿಸಿದೆ, ಮತ್ತು ಮಹಿಳೆಯ ಖಾಸಗಿ ಕ್ಷಣಗಳನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಮುಖ್ಯ ಬಾಗಿಲ ಹೊರಗಿನ ಕ್ಯಾಮೆರಾ, ಅದೂ ಜಾಹೀರಾತಿನಲ್ಲಿ ಮೊದಲೇ ತಿಳಿಸಿದ್ದು, ಸಾಕು. ಅದಕ್ಕಿಂತ ಉಪಯುಕ್ತವಾದದ್ದು ಮೈಸೂರಿನಲ್ಲೇ ಇರುವ ನಂಬಿಕಸ್ಥರೊಬ್ಬರು ಕೀಲಿ ಕೊಡುವಾಗ ನಿಂತು ಹೆಸರು ಬರೆದುಕೊಳ್ಳುವುದು. ದೂರದ ಊರಿನಿಂದ ಬರೀ ನಂಬರ್ ಲಾಕಿನ ಭರವಸೆಯ ಮೇಲೆ ಹಬ್ಬದ ವಾರದಲ್ಲಿ ಫ್ಲಾಟ್ ಕೊಡುವುದು ಜಾಣತನವಲ್ಲ ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ತಾಯಿಯ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ಆಸ್ಪತ್ರೆಯೊಂದರ ಹತ್ತಿರ ಇಬ್ಬರಿಗೆಂದು ಫ್ಲಾಟ್ ಹಿಡಿದಿದ್ದೆವು. ನೋಡಲು ಬಂದ ನನ್ನ ತಮ್ಮ ಒಂದು ರಾತ್ರಿ ಉಳಿದದ್ದಕ್ಕೆ ಮಾಲೀಕರು ನಗದಾಗಿ ಎರಡು ಸಾವಿರ ರೂಪಾಯಿ ಕೇಳಿದರು, ಅವನ ಆಧಾರ್ ನಕಲನ್ನೂ ಕೇಳಿದರು. ಇದು ಸರಿಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹಗಲಿನಲ್ಲಿ ನೋಡಲು ಬಂದು ಹೋಗುವವರು ಬೇರೆ, ರಾತ್ರಿ ಉಳಿಯುವವರು ಬೇರೆ. ನಿಮ್ಮ ತಮ್ಮ ರಾತ್ರಿ ಮಲಗಿದ್ದರಿಂದ ಅವರು ಅತಿಥಿಯಾದರು, ಆದ್ದರಿಂದ ಮೊದಲೇ ತಿಳಿಸುವ ಹೊಣೆ ನಿಮ್ಮದಾಗಿತ್ತು. ಆಸ್ಪತ್ರೆಯ ಓಡಾಟದಲ್ಲಿ ಅದು ಮರೆತುಹೋಗುವುದು ಸಹಜ, ಮಾಲೀಕರೂ ಅಷ್ಟು ಅರ್ಥ ಮಾಡಿಕೊಳ್ಳಬೇಕಿತ್ತು. ಶುಲ್ಕ ಕೇಳಿದ್ದು ತಪ್ಪಲ್ಲ. ಎಲ್ಲಿಯೂ ಬರೆದಿರದ ಮೊತ್ತವನ್ನು ರಸೀದಿಯಿಲ್ಲದೆ ನಗದಾಗಿ ಕೇಳಿದ್ದು ತಪ್ಪು. ಬುಕ್ ಮಾಡಿದ ಆ್ಯಪ್‌ನಲ್ಲೇ ಪಾವತಿಸುವುದಾಗಿ ಹೇಳಿ.

ಗುರುತಿನ ದಾಖಲೆ ಕೇಳುವುದು ನ್ಯಾಯವೇ, ಆದರೆ ಅದು ಆಧಾರ್ ಆಗಿರಬೇಕೆಂದಿಲ್ಲ. ಮತದಾರರ ಚೀಟಿ ಅಥವಾ ಚಾಲನಾ ಪರವಾನಗಿ ಕೊಡಬಹುದು. ಆಧಾರ್ ಕೊಡುವುದೇ ಆದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಿಂದ ಇಳಿಸಿಕೊಳ್ಳಬಹುದು. ಹೋಟೆಲ್‌ಗಳಿಗೆ ಆಧಾರ್ ನಕಲು ಕೊಡಬೇಡಿ ಎಂದು ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ ತಿಂಗಳಲ್ಲಿ ಪ್ರಕಟಣೆ ಹೊರಡಿಸಿದ್ದು, ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂದು ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡದ್ದು ಓದುಗರಿಗೆ ನೆನಪಿರಬಹುದು. ಪ್ರಕಟಣೆ ಹೋದರೂ ಅಂಕಿ ಮುಚ್ಚಿದ ಪ್ರತಿಯ ಸೌಲಭ್ಯ ಉಳಿದಿದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕೆಲವು ಫ್ಲಾಟ್‌ಗಳಿಗೆ ವಾರಾಂತ್ಯದಲ್ಲಿ ಗುರುತಿಲ್ಲದ ಗುಂಪುಗಳು ಬರುತ್ತವೆ. ಸಂಘವು ಇದನ್ನು ತಡೆಯಬಹುದೇ?
– ಸಂಘದ ಕಾರ್ಯದರ್ಶಿ, ವೈಟ್‌ಫೀಲ್ಡ್

ಉತ್ತರ: ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಗೆ ಒಳಪಟ್ಟಿದ್ದರೆ ಪ್ರತಿ ಮಾಲೀಕರೂ ಬೈಲಾಗೆ, ಅಂದರೆ ಸಂಘದ ನಿಯಮಾವಳಿಗೆ, ಬದ್ಧರು. ಹಾಗಾಗಿ ಗೇಟಿನಲ್ಲಿ ಹಾಕುವ ಬೋರ್ಡಿಗಿಂತ ಸರ್ವಸದಸ್ಯರ ಸಭೆಯಲ್ಲಿ ಕ್ರಮಬದ್ಧವಾಗಿ ಮಾಡಿದ ಬೈಲಾ ತಿದ್ದುಪಡಿಗೆ ಬೆಲೆ ಹೆಚ್ಚು. ಪೂರ್ತಿ ನಿಷೇಧಕ್ಕೆ ಹೊರಟರೆ ಜಗಳ ನ್ಯಾಯಾಲಯ ತಲುಪುವ ಸಾಧ್ಯತೆ ಇದೆ. ಅದಕ್ಕೆ ಬದಲಾಗಿ, ಅತಿಥಿಗಳ ಹೆಸರಿನ ಪಟ್ಟಿಯನ್ನು ಅವರು ಬರುವ ಮೊದಲೇ ಮಾಲೀಕರು ಭದ್ರತಾ ಸಿಬ್ಬಂದಿಗೆ ಕಳುಹಿಸಬೇಕು, ಪಟ್ಟಿಯಲ್ಲಿಲ್ಲದವರು ಬಂದರೆ ಗೇಟಿನಿಂದಲೇ ಮಾಲೀಕರಿಗೆ ಕರೆ ಹೋಗಬೇಕು, ಮಾಲೀಕರು ಒಪ್ಪಿದರೆ ಆ ಹೆಸರುಗಳೂ ಪುಸ್ತಕಕ್ಕೆ ಸೇರಬೇಕು ಎಂಬ ನಿಯಮದಿಂದ ಆರಂಭಿಸಿ. ಗದ್ದಲದ ವಿಚಾರಕ್ಕೆ ಬೈಲಾದವರೆಗೂ ಹೋಗಬೇಕಿಲ್ಲ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಅದನ್ನು ಮೀರಿದರೆ ಪೊಲೀಸರಿಗೆ ದೂರು ಕೊಡಬಹುದು. ಅತಿಥಿಗಳ ಬ್ಯಾಗ್ ತಪಾಸಣೆ, ಗಂಡ ಹೆಂಡತಿಯೇ ಎಂಬ ವಿಚಾರಣೆ ಇವು ಸಂಘದ ಕೆಲಸವಲ್ಲ. ವಾಚ್‌ಮನ್‌ಗೆ ಇದನ್ನು ಬರವಣಿಗೆಯಲ್ಲೇ ತಿಳಿಸಿಬಿಡಿ.