ವಿಎಸ್‌ಟಿ2 ಬಿಟ್ಟು ವಿಎಸ್‌ಟಿ3ಗೆ ಹೋದರೆ ಲಾಭ ಇದೆಯಾ?

ಇದೆ. ವಿಎಸ್‌ಟಿ ಅಂದರೆ ಕಂಪ್ಯೂಟರ್‌ನಲ್ಲಿ ಹಾಡು ಮಾಡುವ ಸಾಫ್ಟ್‌ವೇರ್‌ಗೆ ಸೇರಿಸುವ ವಾದ್ಯ, ಎಫೆಕ್ಟ್‌ಗಳ (ಪ್ಲಗಿನ್‌ಗಳ) ಒಂದು ಮಾದರಿ; 2 ಹಳೆಯದು, 3 ಹೊಸದು. ಆದರೆ ಸೌಂಡ್ ಚೆನ್ನಾಗುತ್ತದೆ ಅಂತ ಹೋಗಬೇಡಿ, ಅದೇ ಪ್ಲಗಿನ್ ಎರಡರಲ್ಲೂ ಒಂದೇ ಥರ ಕೇಳಿಸುತ್ತದೆ. ಲಾಭ ಇರುವುದು ಕೆಲಸದಲ್ಲಿ. ಕಿಕ್ ಡ್ರಮ್ ಬಿದ್ದಾಗಲೆಲ್ಲ ಬೇಸ್ ಸದ್ದು ತಗ್ಗಬೇಕು ಅಂದುಕೊಳ್ಳಿ. ವಿಎಸ್‌ಟಿ3 ಕಂಪ್ರೆಸರ್‌ನಲ್ಲಿ (ಜೋರು ಸದ್ದನ್ನು ತಗ್ಗಿಸುವ ಪ್ಲಗಿನ್) ಸೈಡ್‌ಚೈನ್‌ಗೆ, ಅಂದರೆ ಒಂದು ಸದ್ದು ಕೇಳಿ ಇನ್ನೊಂದನ್ನು ತಗ್ಗಿಸುವುದಕ್ಕೆ, ಬೇರೆ ಇನ್‌ಪುಟ್ಟೇ ಇರುತ್ತದೆ. ಹಳೆಯದರಲ್ಲಿ ಎಷ್ಟೋ ಸಲ ಸದ್ದು ಹೋಗುವ ದಾರಿಯನ್ನು (ರೂಟಿಂಗ್) ಸುತ್ತುಬಳಸಿ ಜೋಡಿಸಬೇಕಿತ್ತು. ಟ್ರ್ಯಾಕ್‌ನಲ್ಲಿ ಸದ್ದೇ ಇಲ್ಲದಾಗ ಪ್ಲಗಿನ್ ಸುಮ್ಮನಿರುವ ಅನುಕೂಲವೂ ಇದೆ. ಪ್ಲಗಿನ್ ಬರೆದವರು ಅದನ್ನು ಬಳಸಿಕೊಂಡಿದ್ದರೆ ಹಳೆ ಲ್ಯಾಪ್‌ಟಾಪ್‌ಗೆ ದೊಡ್ಡ ಉಪಕಾರ.

ವಿಎಸ್‌ಟಿ3 ಬಂದದ್ದು 2008ರಲ್ಲಿ. ವಿಎಸ್‌ಟಿ ಮಾಡಿದ ಕಂಪನಿ ಸ್ಟೈನ್‌ಬರ್ಗ್ 2018ರಲ್ಲೇ ವಿಎಸ್‌ಟಿ2 ಎಸ್‌ಡಿಕೆ (ಪ್ಲಗಿನ್ ಬರೆಯುವವರಿಗೆ ಬೇಕಾದ ಕಿಟ್) ಕೊಡುವುದನ್ನು ನಿಲ್ಲಿಸಿತು. ಹಾಗಾಗಿ ಹೊಸ ಹಾಡನ್ನು ವಿಎಸ್‌ಟಿ3ಯಲ್ಲೇ ಶುರು ಮಾಡಿ. ಆದರೆ ಹಳೆ ಪ್ರಾಜೆಕ್ಟ್‌ಗಳು ಇರುವ ತನಕ ವಿಎಸ್‌ಟಿ2 ಅಳಿಸಬೇಡಿ. ಎಷ್ಟೋ ಸಲ ಸಾಫ್ಟ್‌ವೇರ್ ಎರಡನ್ನೂ ಬೇರೆ ಬೇರೆ ಪ್ಲಗಿನ್ ಅಂತಲೇ ನೋಡುತ್ತದೆ. ಆಗ ರಾತ್ರಿಯೆಲ್ಲ ಕೂತು ತಿದ್ದಿದ ಸೆಟ್ಟಿಂಗ್ ಸಿಗುವುದಿಲ್ಲ.