ಡಾಕ್ಟ್ರಿಗೆ ಕೇಳ್ರಿ: ರೊಟ್ಟಿ ಗಂಟಲದಾಗ ಇಳಿವಲ್ದು

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರ. ನಾವು ಜಮಖಂಡಿ ಕಡೆಯವ್ರು. ಅಪ್ಪಗ 61 ವರ್ಷ, ಕಬ್ಬಿನ ಹೊಲ ಐತಿ, ಬೀಡಿ ತಂಬಾಕ ಎರಡೂ ಚಟ. ಮೂರು ತಿಂಗಳ ಹಿಂದ ರೊಟ್ಟಿ ಎದಿಯಾಗ ನಿಂತಂಗ ಆಗತೈತಿ ಅಂತ ಶುರುವಾಗಿದ್ದು ಈಗ ಬರೇ ಗಂಜಿ, ಹಾಲು ಇಳೀತಾವ, 11 ಕಿಲೋ ಕಮ್ಮಿ ಆಗ್ಯಾರ. ಬೆಳಗಾವ್ಯಾಗ ಎಂಡೋಸ್ಕೋಪಿ ಮಾಡಿಸಿದ್ವಿ, ಅನ್ನನಾಳದ ನಡುವ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅಂತ ಬಂತು, ಬ್ಯಾರೆ ಅಂಗಕ್ಕ ಹೋಗಿಲ್ಲಂತ. ಮೊದಲ ಕೀಮೋ ಮತ್ತ ಕರೆಂಟ್ (ರೇಡಿಯೇಷನ್), ಆಮ್ಯಾಲ ಆಪರೇಷನ್ ಅಂದಾರ. ನಮ್ಮ ಕಾಕಾ ಒಪ್ಪವಲ್ರು. ಕ್ಯಾನ್ಸರ್‌ಗೆ ಚಾಕು ತಾಗಿದ್ರ ಹಬ್ಬತೈತಿ, ಒಬ್ರು ಔಷಧಿ ಕೊಡ್ತಾರ, 40 ದಿನ ಕಷಾಯ ಕುಡಿಸಿ ನೋಡೂಣು ಅಂತಾರ. ಏನ್ ಮಾಡೂಣ್ರಿ?

ಉತ್ತರ: ನಿಮ್ಮ ಕಾಕಾರ ಮ್ಯಾಲೆ ನನಗೇನ್ ಸಿಟ್ಟಿಲ್ರಿ. ನಮ್ಮ ಕಡೆ ಜನ ನೀರೂ ಇಳಿಯದಂಗ ಆದ ಮ್ಯಾಲೆ ದವಾಖಾನಿಗೆ ಬರ್ತಿದ್ರು, ಹೊಟ್ಟಿ ತಗದು ನೋಡಿದ್ರ ಆಗ್ಲೇ ಹಬ್ಬಿರ್ತಿತ್ತು, ಹಂಗ ಹೊಲಿದು ಕಳಸ್ತಿದ್ರು, ಮುಂದ ಎರಡು ತಿಂಗಳಿಗೆ ಹೋದ್ರ ಊರಾಗ ಹೆಸರು ಚಾಕುಗೆ ಬರ್ತಿತ್ತು. ಹಬ್ಬಿದ್ದು ಚಾಕುವಿಂದ ಅಲ್ಲ, ತಡ ಮಾಡಿದ್ರಿಂದ.

ಈಗ ಆ 40 ದಿನದ ಲೆಕ್ಕಾನೇ ನೋಡ್ರಿ. ಈ ಕಾಯಿಲೆಗೆ ಆಪರೇಷನ್ ಮೊದಲು ಕೊಡೋ ಒಂದು ಮುಖ್ಯ ಪದ್ಧತಿಯೊಳಗ ವಾರಕ್ಕೊಂದರಂಗ ಐದು ಕೀಮೋ, ಜೊತಿಗೆ 23 ಸಲ ಕರೆಂಟ್, ವಾರಕ್ಕ ಐದು ದಿನ. ಅಂದ್ರ ಕಾಕಾ ಕೇಳ್ತಿರೋ ಆ ದಿವಸದಾಗ ಇಡೀ ಕೋರ್ಸೇ ಮುಗದು ಹೋಗ್ತದ! ನೆದರ್‌ಲ್ಯಾಂಡ್ಸ್ ದೇಶದವ್ರು ಇದರ ಫಲಿತಾಂಶ 2012ರಾಗ ಹೊರಗ ಹಾಕಿದ್ರು. ಬರೇ ಆಪರೇಷನ್ ಆದವ್ರೊಳಗ ಅರ್ಧ ಜನ ಬದುಕಿದ್ದು ಕಮ್ಮಿ ಅಂದ್ರೂ ಸುಮಾರು 24 ತಿಂಗಳು, ಮೊದಲು ಕೀಮೋ-ಕರೆಂಟ್ ಕೊಟ್ಟವ್ರೊಳಗ 49 ತಿಂಗಳು. ಹತ್ತು ವರ್ಷದ ಮ್ಯಾಲೆ ನೋಡಿದ್ರ 100ಕ್ಕ 25 ಮಂದಿ ಇದ್ದದ್ದು 38 ಆಗಿತ್ತು. ನಿಮ್ಮ ಅಪ್ಪಾರಿಗೆ ಇರೋ ನಮೂನಿ ಗಡ್ಡಿ, ಅದೇ ಸ್ಕ್ವಾಮಸ್, ಇದಕ್ಕ ಇನ್ನೂ ಚಲೋ ಕರಗ್ತದ, ಆ ಅಭ್ಯಾಸದಾಗ ಅಂಥವ್ರೊಳಗ ಹತ್ತತ್ರ ಅರ್ಧ ಮಂದಿಗೆ ಆಪರೇಷನ್‌ದಾಗ ತಗದ ಭಾಗದಾಗ ಒಂದೂ ಕ್ಯಾನ್ಸರ್ ಕಣ ಸಿಕ್ಕಿರ್ಲಿಲ್ಲ. 38 ಅಂದ್ರ 62 ಮಂದಿ ಇಲ್ಲ ಅಂತನೂ ಆತು, ಅದನ್ನ ನಾನು ಮುಚ್ಚಿಡೋದಿಲ್ರಿ. ಭಾಳ ಹಟಮಾರಿ ಕಾಯಿಲೆ ಇದು.

ಹಂಗಾದ್ರ ಚಾಕು ಬ್ಯಾಡ ಅನ್ನೋಕ ದಾರಿನೇ ಇಲ್ಲೇನು? ಅದರೀ, ಆದ್ರ ಅದು ಕಷಾಯದ ಕಡಿಂದ ಹೋಗೋದಿಲ್ಲ, ಕರೆಂಟ್ ಕಡಿಂದನೇ ಹೋಗ್ತದ. ಕೋರ್ಸ್ ಮುಗದ ಮ್ಯಾಲೆ ಮತ್ತ ಎಂಡೋಸ್ಕೋಪಿ, ಬಯಾಪ್ಸಿ (ಸಣ್ಣ ತುಣುಕು ತಗದು ಪರೀಕ್ಷೆ), ಸ್ಕ್ಯಾನ್ ಮಾಡಿ ಏನೂ ಕಾಣ್ಲಿಲ್ಲ ಅಂದ್ರ ಆಪರೇಷನ್ ತಡದು, ಪದೇ ಪದೇ ತಪಾಸಣಿ ಮಾಡ್ಕೋತ ಕಾಯೋದು. ಇದನ್ನೂ ಅದೇ ನೆದರ್‌ಲ್ಯಾಂಡ್ಸ್ ದೇಶದವ್ರೇ ಪರೀಕ್ಷಿಸಿ ನೋಡ್ಯಾರ: ಎರಡು ವರ್ಷಕ್ಕ ಕಾದವ್ರು 100ಕ್ಕ 74, ತಕ್ಷಣ ಆಪರೇಷನ್ ಆದವ್ರು 71 ಮಂದಿ ಬದುಕಿದ್ರು, ಹೆಚ್ಚುಕಮ್ಮಿ ಒಂದೇ. ಆದ್ರ ಕಾದವ್ರೊಳಗ ಸುಮಾರು ಅರ್ಧ ಮಂದಿಗೆ ಅದೇ ಜಾಗಾದಾಗ ಮತ್ತ ಬಂತು. ತಪ್ಪದ ತಪಾಸಣಿಗೆ ಬರೋ ಮನಸ್ಸು, ಬಂದು ಹೋಗೋ ಅನುಕೂಲ ಇದ್ರ ಮಾತ್ರ ಈ ಮಾತು. ಸುಗ್ಗಿ ಅದ, ಮುಂದಿನ ತಿಂಗಳು ನೋಡೂಣು ಅನ್ನೋ ಮನ್ಯಾಗ ಇದು ನಡಿಯೂದಿಲ್ಲ.

ಆಪರೇಷನ್ ಅಂದ್ರ ಸಣ್ಣದಲ್ಲ. ಎದಿ, ಹೊಟ್ಟಿ, ಕುತ್ತಿಗಿ ಮೂರೂ ಕಡೆ ಕೆಲಸ, ಅನ್ನನಾಳ ತಗದು ಹೊಟ್ಟಿಯ ಜಠರಾನೇ ಕೊಳವಿ ಮಾಡಿ ಮ್ಯಾಲಕ್ಕ ಎಳದು ಜೋಡಿಸ್ತಾರ. ಆ ಜೋಡಣಿ ಸೋರೋದು, ನ್ಯುಮೋನಿಯಾ ಆಗೋದು, ಈ ಎರಡು ಅಂಜಿಕಿ. ಕುತ್ತಿಗಿಯಾಗ ಸೋರಿದ್ರ ಬಹಳ ಸಲ ತಾನೇ ಮಾಯ್ತದ, ಎದಿಯೊಳಗ ಸೋರಿದ್ರ ಕಷ್ಟ. ಸಣ್ಣ ತೂತು ಮಾಡಿ ಮಾಡೋ ದುರ್ಬೀನಿನ ಆಪರೇಷನ್‌ದಾಗ ಪುಪ್ಪುಸದ ಸೋಂಕು ಕಮ್ಮಿ, ಒಂದು ಪರೀಕ್ಷೆಯೊಳಗ ಮೊದಲ ಎರಡು ವಾರದಾಗ 100ಕ್ಕ 29 ಇದ್ದದ್ದು 9ಕ್ಕ ಇಳಿದಿತ್ತು. ಸರ್ಜನ್ ಸಾಹೇಬ್ರಿಗೆ ನಾಚಿಕಿ ಬಿಟ್ಟು ಕೇಳ್ರಿ, ವರ್ಷಕ್ಕ ಎಷ್ಟು ಇಂಥ ಆಪರೇಷನ್ ಮಾಡ್ತೀರಿ ಅಂತ. ಹೆಚ್ಚು ಮಾಡೋ ಕಡೆ ಸಾವು ಕಮ್ಮಿ. ಬೀಡಿ ಇವತ್ತೇ ಬಿಡಿಸ್ರಿ, ನಾಳಿ ಅಲ್ಲ.

ಕಷಾಯಕ್ಕ ಬರ್ತೀನಿ. ಅನ್ನನಾಳದ ಕ್ಯಾನ್ಸರ್ ಕರಗಿಸ್ತದ ಅಂತ ಸಾಬೀತಾದ ಗಿಡಮೂಲಿಕೆ ಒಂದೂ ಇಲ್ಲ. ಅಮೆರಿಕಾದಾಗ 2018ರಾಗ ಬಂದ ಒಂದು ಅಧ್ಯಯನ, ಅದು ಸ್ತನ, ಪುಪ್ಪುಸ, ಕರುಳು, ಪ್ರಾಸ್ಟೇಟ್ ಕ್ಯಾನ್ಸರ್‌ನವ್ರದು, ನಿಮ್ಮ ಅಪ್ಪಾರಂಥವ್ರದಲ್ಲ, ಆದ್ರೂ ಹೇಳ್ತೀನಿ: ಬರೇ ಪರ್ಯಾಯ ಔಷಧಿ ಹಿಡದವ್ರಿಗೆ ಸಾವಿನ ಅಪಾಯ ದವಾಖಾನಿ ಚಿಕಿತ್ಸೆ ತಗೊಂಡವ್ರ ಎರಡೂವರೆ ಪಟ್ಟು. ಕೆಲವು ಭಸ್ಮ, ಬೇರು ಲಿವರ್ ಕೆಡಸ್ತಾವ, ಆಮ್ಯಾಲೆ ಕೀಮೋನೇ ಕೊಡೋಕ ಆಗೂದಿಲ್ಲ. ಪ್ರಾಣಾಯಾಮ, ಭಜನಿ, ದೇವರ ಅಂಗಾರ ಹಚ್ಚೋದು ಬೇಕಾದಷ್ಟು ಮಾಡ್ರಿ, ಬಾಯಾಗ ಹಾಕೋದು ಮಾತ್ರ ನಿಮ್ಮ ಡಾಕ್ಟ್ರಿಗೆ ತೋರಿಸಿ.

ಇವತ್ತಿನ ಕೆಲಸ ಹೊಟ್ಟಿದು. 11 ಕಿಲೋ ಇಳದ ಮೈ ಕರೆಂಟ್ ತಡಕೊಳ್ಳೂದಿಲ್ಲ. ಅಂಬಲಿಗೆ ಹಾಲು, ತುಪ್ಪ, ಶೇಂಗಾ ಸಣ್ಣಗ ರುಬ್ಬಿ ಹಾಕ್ರಿ, ತಿನ್ನೋರಾದ್ರ ಬೆಂದ ತತ್ತಿ ಕಿವುಚಿ ಕೊಡ್ರಿ. ಅದೂ ಇಳೀಲಿಲ್ಲ ಅಂದ್ರ ಮೂಗಿನ ನಳಿಗಿ ಅಥವಾ ಹೊಟ್ಟಿಗೆ ನಳಿಗಿ ಹಾಕಸ್ರಿ, ಅದು ಸೋಲಲ್ಲ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಕುಟುಂಬಕ್ಕ 5 ಲಕ್ಷದ ತನಕ ಅದ, ಮೊದಲ ವಾರದಾಗೇ ಅಲ್ಲಿ ವಿಚಾರಿಸ್ರಿ.

ಪ್ರಶ್ನೆ: ಅವ್ವಗ ಇದೇ ಆಪರೇಷನ್ ಆಗಿ ನಾಲ್ಕು ತಿಂಗಳಾತ್ರಿ. ಶಿರಾ ತಿಂದ್ರ ಬೆವರು, ಎದಿ ಡವಡವ, ಜುಲಾಬು. ರಾತ್ರಿ ಹುಳಿ ಬಾಯಿಗೆ ಬರ್ತದ. ಕ್ಯಾನ್ಸರ್ ಮತ್ತ ಬಂತೇನ್ರಿ? (ವಿಜಯಪುರ)

ಉತ್ತರ: ಈ ಲಕ್ಷಣಕ್ಕ ಮೊದಲು ಅನುಮಾನ ಬರೋದು ಕ್ಯಾನ್ಸರ್ ಮ್ಯಾಲಲ್ಲವ್ವ. ಜಠರ ಕೊಳವಿ ಆದ ಮ್ಯಾಲೆ ಸಿಹಿ ಅವಸರದಾಗ ಕರುಳಿಗೆ ಇಳೀತದ, ಇದಕ್ಕ ಡಂಪಿಂಗ್ ಅಂತೀವಿ. ಶಿರಾ, ಸಕ್ರಿ ಚಹಾ ಬಿಡಸ್ರಿ, ದಿನಕ್ಕ ಆರು ಸಲ ಸಣ್ಣ ಸಣ್ಣ ಊಟ, ನೀರು ಊಟದ ಜೊತಿ ಬ್ಯಾಡ, ಅರ್ಧ ತಾಸು ಬಿಟ್ಟು. ಮಂಚದ ತಲಿಗಡೆ ಕಾಲಿನ ಕೆಳಗ ಎರಡು ಇಟ್ಟಂಗಿ ಇಡ್ರಿ, ಉಂಡ ಕೂಡ್ಲೇ ಮಲಗೋದು ಬ್ಯಾಡ. ನುಂಗೋದು ಮತ್ತ ಸಿಗಿಬಿದ್ದಂಗ ಆದ್ರ, ತೂಕ ಇಳೀತಾ ಹೋದ್ರ ತಡ ಮಾಡಬ್ಯಾಡ್ರಿ, ಜೋಡಣಿ ಸಣ್ಣ ಆಗಿರಬಹುದು, ಎಂಡೋಸ್ಕೋಪಿಯಿಂದ ಹಿಗ್ಗಸ್ತಾರ.