ಮುದ್ರೆ ನೋಡಿದಿರಿ, ಬೀಸಿದ ದಿನ ಕೇಳಿದಿರಾ?

ಮೈಸೂರಿನಲ್ಲಿ ಹದಿನೆಂಟು ವರ್ಷಗಳಿಂದ ಸಾವಯವ ದಿನಸಿ ಅಂಗಡಿ ನಡೆಸುತ್ತಿರುವ ಮಹಿಳೆಯೊಬ್ಬರು ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ನಮ್ಮ ಬಡಾವಣೆಯ ಸಾವಯವ ಅಂಗಡಿಯಲ್ಲಿ ತೊಗರಿಬೇಳೆಯನ್ನು ಮೂಟೆಯಿಂದ ತೂಗಿ ಕೊಡುತ್ತಾರೆ, ಯಾವ ಗುರುತೂ ಇಲ್ಲ. ಸೂಪರ್‌ಮಾರ್ಕೆಟ್ಟಿನ ಪೊಟ್ಟಣದ ಮೇಲೆ ‘ಜೈವಿಕ್ ಭಾರತ್’ ಮುದ್ರೆ ಇದೆ. ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದನ್ನು ನಂಬುವುದು?
— ಓದುಗರು, ವಿಜಯನಗರ, ಬೆಂಗಳೂರು

ಮುದ್ರೆಗೆ ಬೆಲೆ ಇದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ತಂದ ಸಾವಯವ ಆಹಾರದ ನಿಯಮಗಳ ಜೊತೆ ಬಂದ ಗುರುತು ಅದು. ಅದರ ಹಿಂದೆ ಎರಡು ವ್ಯವಸ್ಥೆಗಳಿವೆ. ಒಂದರಲ್ಲಿ ಹೊರಗಿನ ಪ್ರಮಾಣನ ಸಂಸ್ಥೆ ಬಂದು ಹೊಲ, ಗೋದಾಮು, ಲೆಕ್ಕದ ಪುಸ್ತಕ ಎಲ್ಲವನ್ನೂ ನೋಡುತ್ತದೆ. ನಮ್ಮ ರಾಜ್ಯದ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ಕೆಲಸ ಮಾಡುತ್ತದೆ. ಇನ್ನೊಂದು ಪಿಜಿಎಸ್. ಅದರಲ್ಲಿ ರೈತರ ಗುಂಪುಗಳೇ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ಕೊಡುತ್ತಾರೆ. ಹೊರಗಿನ ಸಂಸ್ಥೆ ಪ್ರಮಾಣ ಕೊಡಬೇಕಾದರೆ ರಾಸಾಯನಿಕ ಬಿಟ್ಟ ತಕ್ಷಣ ಬೆಳೆ ಸಾವಯವ ಆಗುವುದಿಲ್ಲ; ರಾಗಿ, ತೊಗರಿಯಂಥ ಬೆಳೆಗೆ ಎರಡು ವರ್ಷ, ತೆಂಗು, ಕಾಫಿಯಂಥ ಬಹುವಾರ್ಷಿಕಗಳಿಗೆ ಮೂರು ವರ್ಷ ಕಾಯಬೇಕು.

ಆದರೆ ಮುದ್ರೆ ಹೇಳುವುದು ಹೇಗೆ ಬೆಳೆದರು ಎಂಬುದನ್ನು. ಬೇಳೆ ಯಾವ ಕೊಯ್ಲಿನದು, ಪಾಲಿಶ್ ಆಗಿದೆಯೇ, ಎಷ್ಟು ತಿಂಗಳು ಗೋದಾಮಿನಲ್ಲಿ ಕೂತಿತ್ತು, ಇದ್ಯಾವುದನ್ನೂ ಅದು ಹೇಳುವುದಿಲ್ಲ. ಮುದ್ರೆಯಿದ್ದ ಹಳಸಲು ಬೇಳೆಯನ್ನೂ ನಾನು ನೋಡಿದ್ದೇನೆ, ಮುದ್ರೆಯಿಲ್ಲದ ಚಿನ್ನದಂಥ ಬೇಳೆಯನ್ನೂ ನೋಡಿದ್ದೇನೆ.

ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ರೈತ ತನ್ನ ಬೆಳೆಯನ್ನು ನೇರವಾಗಿ ಗ್ರಾಹಕರಿಗೆ ಮಾರುವಾಗ ಪ್ರಮಾಣಪತ್ರ ಕಡ್ಡಾಯವಲ್ಲ. ಸಂತೆಯಲ್ಲಿ ರೈತರೇ ಕೂತು ಮಾರುತ್ತಿದ್ದರೆ ಮುದ್ರೆ ಇಲ್ಲವೆಂದು ಅನುಮಾನಿಸಬೇಡಿ. ಆದರೆ ನನ್ನಂಥ ಅಂಗಡಿಯವರು ಆ ವಿನಾಯಿತಿಯ ಹಿಂದೆ ಅಡಗಿಕೊಳ್ಳುವುದು ಸರಿಯಲ್ಲ. ನಾವು ಬೆಳೆದವರಲ್ಲ, ತಂದವರು. ಎಲ್ಲಿಂದ ತಂದೆವು ಎಂದು ತೋರಿಸುವ ಹೊಣೆ ನಮ್ಮದು. ನಿಮ್ಮ ಅಂಗಡಿಯವರನ್ನು ಕೇಳಿ: ಇದು ಯಾವ ಊರಿನ ಬೇಳೆ, ಯಾವ ಕೊಯ್ಲಿನದು, ಈ ಲಾಟಿನ ಕಾಗದ ಇದೆಯೇ? ನಮ್ಮಲ್ಲಿ ತೊಗರಿ ಕೊಯ್ಲು ಡಿಸೆಂಬರ್, ಜನವರಿ ಹೊತ್ತಿಗೆ. ಕಲಬುರಗಿ ಕಡೆಯ ಹೊಸ ಬೇಳೆ ನನ್ನ ಅಂಗಡಿಗೆ ಬರುವುದು ಫೆಬ್ರುವರಿ ದಾಟಿದ ಮೇಲೆ. ನವೆಂಬರಿನಲ್ಲಿ “ಈಗಷ್ಟೇ ಬಂದ ಹೊಸ ಬೇಳೆ” ಅಂದರೆ ನಂಬಬೇಡಿ. ಇನ್ನೊಂದು ಗುರುತು: ಪಾಲಿಶ್ ಆಗದ ಬೇಳೆ ಹೊಳೆಯುವುದಿಲ್ಲ, ಮುಟ್ಟಿದರೆ ಕೈಗೆ ಸ್ವಲ್ಪ ಹುಡಿ ಹತ್ತುತ್ತದೆ.

ಸಿರಿಧಾನ್ಯ ಒಳ್ಳೆಯದೆಂದು ಐದು ಕೆಜಿ ನವಣೆ, ಐದು ಕೆಜಿ ಸಾಮೆ ತಂದಿದ್ದೆವು. ಎರಡು ತಿಂಗಳಾಗುವಷ್ಟರಲ್ಲಿ ಅನ್ನ ಕಹಿ ಬರುತ್ತಿದೆ. ಮನೆಯಲ್ಲಿ ಯಾರೂ ಮುಟ್ಟುತ್ತಿಲ್ಲ. ಕಲಬೆರಕೆಯೇ?
— ಓದುಗರು, ಹಾಸನ

ಕಲಬೆರಕೆ ಅಲ್ಲ ಅನಿಸುತ್ತದೆ. ಕಮಟು ಹಿಡಿದಿದೆ. ನನ್ನ ಅಂಗಡಿಗೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಇದೇ. ಸಿರಿಧಾನ್ಯದ ವಿಷಯದಲ್ಲಿ ನಾವು ಮಾರುವವರು ನಿಮಗೆ ಸರಿಯಾಗಿ ತಿಳಿಸಿ ಹೇಳಿಲ್ಲ, ಆ ತಪ್ಪು ನಮ್ಮದೇ.

ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು, ಈ ಆರಕ್ಕೂ ಗಟ್ಟಿ ಹೊಟ್ಟು ಇದೆ. ಹೊಟ್ಟಿನೊಳಗೆ ಇರುವವರೆಗೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ತೆಗೆದ ಕ್ಷಣದಿಂದ ಲೆಕ್ಕ ಶುರು. ಒಳಗಿನ ತೌಡಿನ ಪದರ ಮತ್ತು ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶ ಇರುತ್ತದೆ. ಮಿಲ್ಲಿನಲ್ಲಿ ಅದು ತರಚಿ ಗಾಳಿಗೆ ತೆರೆದುಕೊಳ್ಳುತ್ತದೆ, ನಿಧಾನವಾಗಿ ಕಹಿಯಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಸಜ್ಜೆ ಹಿಟ್ಟಿನದಂತೂ ಕೇಳಲೇಬೇಡಿ. ಉತ್ತರ ಕರ್ನಾಟಕದ ತಾಯಂದಿರು ರೊಟ್ಟಿಗೆ ಬೇಕಾದಷ್ಟನ್ನೇ ಆಗಾಗ ಬೀಸಿಸಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.

ಇದಕ್ಕೆ ಮಿಲ್ಲಿನವರು ಕಂಡುಕೊಂಡ ಸುಲಭದ ದಾರಿ ಪಾಲಿಶ್. ತೌಡನ್ನೇ ಉಜ್ಜಿ ತೆಗೆದರೆ ಕಾಳು ಬೆಳ್ಳಗಾಗುತ್ತದೆ, ಬೇಗ ಬೇಯುತ್ತದೆ, ಆರು ತಿಂಗಳಾದರೂ ಕಹಿಯಾಗುವುದಿಲ್ಲ. ಆದರೆ ನೀವು ಸಿರಿಧಾನ್ಯಕ್ಕೆ ಹೆಚ್ಚು ದುಡ್ಡು ಕೊಡುವುದು ಆ ನಾರು, ಆ ತೌಡಿಗಾಗಿ. ಅದು ಹೋದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಬಿಳಿ ಅನ್ನವೇ. ಸಾವಯವ ಮುದ್ರೆ ಇದ್ದ ಪೊಟ್ಟಣದಲ್ಲೂ ಪಾಲಿಶ್ ಆದ ಸಾಮೆ ಇರಬಹುದು, ನಿಯಮಕ್ಕೆ ಅದು ವಿರುದ್ಧವಲ್ಲ. ಗುರುತಿಸಲು ಬಣ್ಣ ನೋಡಿ. ಪಾಲಿಶ್ ಆಗದ ನವಣೆ ಹಳದಿ, ಸಾಮೆ ಮಾಸಲು ಬೂದು, ಹಾರಕ ಕಂದುಗೆಂಪು. ಎಲ್ಲವೂ ಒಂದೇ ಸಮ ಬೆಳ್ಳಗೆ ಕಂಡರೆ ಬಿಟ್ಟುಬಿಡಿ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ಪೊಟ್ಟಣದ ಮೇಲಿನ ತಾರೀಖು ಪ್ಯಾಕ್ ಮಾಡಿದ ದಿನ, ಮಿಲ್ ಮಾಡಿದ ದಿನವಲ್ಲ. ಮೂರು ತಿಂಗಳ ಹಿಂದೆ ಹೊಟ್ಟು ತೆಗೆದ ನವಣೆಯನ್ನು ನಿನ್ನೆ ಪ್ಯಾಕ್ ಮಾಡಿದರೆ ನಿನ್ನೆಯ ತಾರೀಖು ಬೀಳುತ್ತದೆ. ಆದ್ದರಿಂದ “ಯಾವಾಗ ಮಿಲ್ ಮಾಡಿಸಿದ್ದು?” ಎಂದು ಕೇಳಿ. ನಾನು ಹೊಟ್ಟಿನ ಧಾನ್ಯವನ್ನೇ ದಾಸ್ತಾನು ಮಾಡಿಕೊಂಡು ಎರಡು ಮೂರು ವಾರಕ್ಕೊಮ್ಮೆ ಮಿಲ್ ಮಾಡಿಸುತ್ತೇನೆ. ನೂರು ಕೆಜಿ ಧಾನ್ಯ ಹಾಕಿದರೆ ಅರವತ್ತರಿಂದ ಎಪ್ಪತ್ತು ಕೆಜಿ ಅಕ್ಕಿ ಸಿಗುತ್ತದೆ, ಉಳಿದದ್ದು ಹೊಟ್ಟು, ನುಚ್ಚು. ಸಿರಿಧಾನ್ಯದ ಅಕ್ಕಿ ದುಬಾರಿಯಾಗಲು ಇದೂ ಒಂದು ಕಾರಣ.

ನೀವು ಮಾಡಬೇಕಾದ್ದು ಇಷ್ಟೇ: ಒಂದು ಸಲಕ್ಕೆ ಒಂದು ಕೆಜಿ ತನ್ನಿ, ತಿಂಗಳೊಳಗೆ ಮುಗಿಸಿ. ತಂದ ತಕ್ಷಣ ಹಿಡಿಯಷ್ಟು ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ ಮೂಸಿ. ಹೊಸ ಧಾನ್ಯಕ್ಕೆ ಹುಲ್ಲಿನಂಥ ಹಸಿ ವಾಸನೆ, ಹಳೆಯದಕ್ಕೆ ಹಳೆ ಎಣ್ಣೆಯ ವಾಸನೆ. ಉಳಿದಿರುವ ಆ ನವಣೆ, ಸಾಮೆಯನ್ನು ದಯವಿಟ್ಟು ಬಿಸಾಡಿ. ತೊಳೆದರೆ, ಹುರಿದರೆ ಕಮಟು ಹೋಗುವುದಿಲ್ಲ.

ರಾಗಿಗೆ ಈ ಕಾಟ ಕಡಿಮೆ. ಅದರ ಸಿಪ್ಪೆ ಕಾಳಿಗೇ ಅಂಟಿಕೊಂಡಿರುವುದರಿಂದ ಇಡಿಯಾಗಿಯೇ ಬೀಸುತ್ತೇವೆ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ವರ್ಷಗಟ್ಟಲೆ ರಾಗಿ ಇಡುತ್ತಿದ್ದರಲ್ಲ, ಬರಗಾಲದಲ್ಲಿ ಊರನ್ನು ಕಾಪಾಡಿದ್ದೂ ಅದೇ ಗುಣ. ಸಿರಿಧಾನ್ಯ ತಿನ್ನಲೇಬೇಕೆಂಬ ಆಸೆಯಿದ್ದು ಅದು ಕೆಡದಂತೆ ನೋಡಿಕೊಳ್ಳುವ ತಾಳ್ಮೆ ಇಲ್ಲದವರಿಗೆ ನಾನು ರಾಗಿಯನ್ನೇ ಕೊಡುತ್ತೇನೆ.

ಮರದ ಗಾಣದ ಕಡಲೆಕಾಯಿ ಎಣ್ಣೆ ಒಂದು ಕಡೆ ಲೀಟರಿಗೆ 190 ರೂಪಾಯಿ, ಇನ್ನೊಂದು ಕಡೆ 360. ಎರಡಕ್ಕೂ ‘ಶುದ್ಧ ಗಾಣದ ಎಣ್ಣೆ’ ಎಂದೇ ಬರೆದಿದೆ. ಇಷ್ಟು ವ್ಯತ್ಯಾಸ ಏಕೆ?
— ಓದುಗರು, ಮಂಗಳೂರು

ಕಾಗದ ಪೆನ್ನು ತೆಗೆದುಕೊಳ್ಳಿ. ಮರದ ಗಾಣದಲ್ಲಿ ನೂರು ಕೆಜಿ ಕಡಲೆಬೀಜಕ್ಕೆ ಸುಮಾರು 40 ಕೆಜಿ ಎಣ್ಣೆ ಬರುತ್ತದೆ. ಒಂದು ಲೀಟರ್ ಎಣ್ಣೆಯ ತೂಕ ಒಂದು ಕೆಜಿಗಿಂತ ಸ್ವಲ್ಪ ಕಡಿಮೆ. ಅಲ್ಲಿಗೆ ಲೀಟರಿಗೆ ಎರಡೂಕಾಲು ಕೆಜಿಗಿಂತ ಹೆಚ್ಚು ಬೀಜ ಬೇಕು. ಬೀಜ ಕೆಜಿಗೆ 120 ರೂಪಾಯಿ ಎಂದಿಟ್ಟುಕೊಳ್ಳಿ, ಬೀಜಕ್ಕೇ 270 ದಾಟಿತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಮಾರಿ ಐವತ್ತೋ ಅರವತ್ತೋ ವಾಪಸು ಬಂದರೂ ಗಾಣದ ಕೂಲಿ, ಬಾಟಲಿ, ಸಾಗಣೆ ಸೇರಬೇಕು. 190ಕ್ಕೆ ಅದು ಹೇಗೂ ಕೂಡುವುದಿಲ್ಲ. ಒಂದೋ ಅದರಲ್ಲಿ ಬೇರೆ ಎಣ್ಣೆ ಬೆರೆತಿದೆ, ಇಲ್ಲವೇ ಬೀಜ ಕೆಟ್ಟದ್ದು. ನಿಮ್ಮ ಊರಿನ ಬೀಜದ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ.

ಎರಡನೆಯದು, ಅಂದರೆ ಕೆಟ್ಟ ಬೀಜ, ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಕಿತ್ತ ಕಡಲೆಕಾಯಿ ಮಳೆಗೆ ಸಿಕ್ಕಿ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ. ಅದು ಯಕೃತ್ತಿಗೆ ಕೆಡುಕು. ರಿಫೈನ್ ಮಾಡುವಾಗ ಅದರ ಬಹುಪಾಲು ಹೋಗುತ್ತದೆ. ಗಾಣದ ಎಣ್ಣೆಗೆ ಆ ಶೋಧನೆ ಇಲ್ಲ, ಬೀಜದಲ್ಲಿದ್ದದ್ದು ಎಣ್ಣೆಗೂ ಬರುತ್ತದೆ. ಆದ್ದರಿಂದ ಗಾಣದ ಎಣ್ಣೆ ಎಂದರೆ ಒಳ್ಳೆಯದೇ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದು ವರ್ಷ ನನಗೇ ಹಾಗಾಯಿತು. ಪರಿಚಯದ ಗಾಣದವರಿಂದ ಬಂದ ಎಣ್ಣೆ ಮುಗ್ಗಲು ವಾಸನೆ ಹೊಡೆಯಿತು. ವಿಚಾರಿಸಿದರೆ ಆ ಸಲದ ಕಾಯಿ ಮಳೆಯಲ್ಲಿ ನೆನೆದದ್ದು. ಅಷ್ಟೂ ಡಬ್ಬ ವಾಪಸು ಕಳಿಸಿದೆ. ಅಂದಿನಿಂದ ಎಣ್ಣೆಗಿಂತ ಮೊದಲು ಬೀಜ ನೋಡುತ್ತೇನೆ. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಹಸಿರು ಬೂಷ್ಟಿನದು ಆರಿಸಿ ತೆಗೆದ ಮೇಲೆಯೇ ಗಾಣಕ್ಕೆ ಬೀಳಬೇಕು. ನಿಮ್ಮ ಹತ್ತಿರ ಕಣ್ಣೆದುರೇ ಎಣ್ಣೆ ತೆಗೆಯುವ ಗಾಣವಿದ್ದರೆ, ತಿರುಗುವ ಒರಳನ್ನು ಆಮೇಲೆ ನೋಡಿ. ಪಕ್ಕದಲ್ಲಿರುವ ಬೀಜದ ಮೂಟೆಗೆ ಮೊದಲು ಕೈ ಹಾಕಿ.

ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ವೀಗನ್ ಆಗಿದ್ದಾಳೆ. ಹಾಲು, ಮೊಸರು, ತುಪ್ಪ ಬಿಟ್ಟಿದ್ದಾಳೆ. ಬಾದಾಮಿ ಹಾಲು, ವೀಗನ್ ಚೀಸ್, ವೀಗನ್ ಬಿಸ್ಕತ್ತು ತರುತ್ತಾಳೆ. ದುಬಾರಿ. ಇವು ಆರೋಗ್ಯಕ್ಕೆ ಒಳ್ಳೆಯದೇ ಮೇಡಂ?
— ತಾಯಿ, ಚಿತ್ರದುರ್ಗ

ಮಗಳ ನಿರ್ಧಾರವನ್ನು ನಾನು ಗೌರವಿಸುತ್ತೇನೆ, ನೀವೂ ಗೌರವಿಸುತ್ತಿದ್ದೀರಿ ಎಂದು ಪತ್ರದಿಂದಲೇ ತಿಳಿಯಿತು. ಆದರೆ ‘ವೀಗನ್’ ಅನ್ನುವುದು ಒಂದು ತಿನಿಸಿನಲ್ಲಿ ಏನಿಲ್ಲ ಎಂದಷ್ಟೇ ಹೇಳುತ್ತದೆ. ಏನಿದೆ ಎಂದು ತಿಳಿಯಬೇಕಾದರೆ ಪೊಟ್ಟಣದ ಹಿಂಬದಿ ಓದಬೇಕು.

ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಅಷ್ಟೇ. ಹಾಲಿನ ಪುಡಿ ಅದರೊಳಗೂ ಇರಬಹುದು. 2022ರ ನಿಯಮಗಳ ನಂತರ ವೀಗನ್ ಆಹಾರಕ್ಕೆ ಬೇರೆಯೇ ಗುರುತು ಬಂದಿದೆ, ಹಸಿರು ಚೌಕದೊಳಗೆ ‘ವಿ’ ಅಕ್ಷರ, ಅದಕ್ಕೊಂದು ಪುಟ್ಟ ಎಲೆ. ಜೇನೂ ಇದರಲ್ಲಿ ಸೇರುವುದಿಲ್ಲ. ಆ ಗುರುತಿದ್ದ ಬಿಸ್ಕತ್ತು ಮೈದಾ, ಸಕ್ಕರೆ, ತಾಳೆ ಎಣ್ಣೆಯದೇ ಆಗಿರಬಹುದು. ವೀಗನ್ ಚೀಸ್ ಎಂದು ಬರುವುದರಲ್ಲಿ ಬಹಳಷ್ಟು ತೆಂಗಿನೆಣ್ಣೆ ಮತ್ತು ಪಿಷ್ಟ, ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಗೋಡಂಬಿಯಿಂದ ಮಾಡಿದ್ದಾದರೆ ಪರವಾಗಿಲ್ಲ. ಬಾದಾಮಿ ಪಾನೀಯದಲ್ಲಿ ನೂರು ಮಿಲಿಗೆ ಸಾಮಾನ್ಯವಾಗಿ ಒಂದು ಗ್ರಾಂ ಪ್ರೋಟೀನೂ ಇರುವುದಿಲ್ಲ, ಅದು ಬಹುತೇಕ ನೀರು. ಹಾಲಿಗೆ ಹತ್ತಿರ ಬರುವುದು ಸಿಹಿ ಹಾಕದ ಸೋಯಾ ಪಾನೀಯ, ನೂರು ಮಿಲಿಗೆ ಮೂರು ಗ್ರಾಂ ಆಸುಪಾಸು. ಕ್ಯಾಲ್ಸಿಯಂ ಸೇರಿಸಿದೆಯೇ ನೋಡಿಕೊಳ್ಳಲಿ. ನನ್ನ ಅಂಗಡಿಯಲ್ಲಿ ವೀಗನ್ ಸಾಸೇಜ್ ಇಡುವುದನ್ನೇ ನಿಲ್ಲಿಸಿದೆ. ಅಷ್ಟು ಉಪ್ಪಿನ ಪದಾರ್ಥವನ್ನು ಆರೋಗ್ಯದ ಹೆಸರಿನಲ್ಲಿ ಮಾರಲು ಮನಸ್ಸು ಒಪ್ಪಲಿಲ್ಲ.

ನಿಮ್ಮ ಅಡುಗೆಮನೆಯಲ್ಲೇ ಅವಳಿಗೆ ಬೇಕಾದ್ದು ಬಹಳ ಇದೆ, ಅಮ್ಮಾ. ಮುದ್ದೆ, ಹುರುಳಿ ಬಸ್ಸಾರು, ಅವರೆಕಾಳು ಉಪ್ಸಾರು, ಹುಚ್ಚೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿ, ಮೊಳಕೆಕಾಳು ಕೋಸಂಬರಿ, ತೆಂಗಿನ ಹಾಲಿನ ಪಾಯಸ. ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ ಹಾಕಿದರೆ ಮುಗಿಯಿತು. ರಜೆಗೆ ಬಂದು ಹೋಗುವಾಗ ಚಟ್ನಿಪುಡಿ, ಹುರಿಹಿಟ್ಟು ಕಟ್ಟಿ ಕಳಿಸಿ.

ಒಂದು ಮಾತ್ರ ಅಡುಗೆಮನೆಯಲ್ಲಿ ಸಿಗದು, ವಿಟಮಿನ್ ಬಿ12. ಸಸ್ಯಗಳಿಂದಷ್ಟೇ ಬಂದ ಆಹಾರದಿಂದ ಅದನ್ನು ನಂಬಿ ಪಡೆಯಲಾಗದು. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇದೆ ಎಂದು ಎಷ್ಟೋ ಅಂಗಡಿಗಳಲ್ಲಿ ಹೇಳುತ್ತಾರೆ. ಮೊದಮೊದಲು ನಾನೂ ಹೇಳುತ್ತಿದ್ದೆ, ಅದು ತಪ್ಪು. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಬಳಸಲಾಗದ ರೂಪ. ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ, ಅವರು ಹೇಳಿದ ಮಾತ್ರೆ ತಪ್ಪದೆ ತೆಗೆದುಕೊಳ್ಳಲಿ. ಇದನ್ನು ಮುಂದಕ್ಕೆ ಹಾಕಬೇಡಿ.

ಬೆಲ್ಲ ಕಪ್ಪಗಿದ್ದಷ್ಟೂ ಶುದ್ಧವೇ?
— ಓದುಗರು, ಮಂಡ್ಯ

ಬೆಲ್ಲದ ಊರಿನವರೇ ಕೇಳಿದ್ದೀರಿ! ಹಳದಿ ಹೊಳಪಿನ ಬೆಲ್ಲಕ್ಕೆ ಹೈಡ್ರೋಸ್, ಅಂದರೆ ಬಣ್ಣ ತಿಳಿ ಮಾಡುವ ಗಂಧಕದ ರಾಸಾಯನಿಕ ಪುಡಿ, ಬಿದ್ದಿರುವ ಸಾಧ್ಯತೆ ಹೆಚ್ಚು, ನಿಜ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಕೆಜಿಗೆ 70 ಮಿಲಿಗ್ರಾಂ) ದಾಟಬಾರದು ಎಂದು ನಿಯಮವಿದೆ. ಆದರೆ ಜನ ಕಪ್ಪು ಬೆಲ್ಲ ಕೇಳತೊಡಗಿದ ಮೇಲೆ ಕಪ್ಪು ಮಾಡುವುದೂ ಕಲಿತುಕೊಂಡಿದ್ದಾರೆ. ಪಾಕ ಸೀಯಿಸಿದರೂ ಕಪ್ಪಾಗುತ್ತದೆ. ಇನ್ನು ಸಕ್ಕರೆ ಅಗ್ಗವಾದಾಗ ಅದನ್ನೇ ಕೊಪ್ಪರಿಗೆಗೆ ಸುರಿಯುವವರಿದ್ದಾರೆ. ಅಚ್ಚು ಮುರಿದಾಗ ಒಳಗೆ ಹರಳು ಮಿನುಗಿದರೆ ಅನುಮಾನಪಡಿ. ಹತ್ತಿರದ ಆಲೆಮನೆಗೆ ಒಮ್ಮೆ ಹೋಗಿ ಬನ್ನಿ. ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಾರೋ, ಪುಡಿ ಹಾಕುತ್ತಾರೋ ಕಣ್ಣಾರೆ ನೋಡಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಕಪ್ಪು ಬೆಲ್ಲವೂ ಬೇಡ.

ಸಾವಯವ ಹೆಸರುಕಾಳಿನಲ್ಲಿ ಹುಳ ಬಿದ್ದಿದೆ. ಹುಳ ಬಿದ್ದರೆ ಅಸಲಿ ಸಾವಯವ ಎಂದು ಅಂಗಡಿಯವರು ಹೇಳಿದರು.
— ಓದುಗರು, ತುಮಕೂರು

ಹಾಗೆ ಹೇಳುವುದು ಸರಿಯಲ್ಲ. ವಿಷದ ಹೊಗೆ ಹಾಕದ ಯಾವ ಕಾಳಿಗೂ ಹುಳ ಬೀಳುತ್ತದೆ, ರಾಸಾಯನಿಕ ಹಾಕಿ ಬೆಳೆದದ್ದಕ್ಕೂ ಬೀಳುತ್ತದೆ. ಸಾವಯವದಲ್ಲಿ ಆ ಹೊಗೆ ಹಾಕುವಂತಿಲ್ಲವಾದ್ದರಿಂದ ಮಾರುವವರ ಕೆಲಸ ಹೆಚ್ಚು: ಚೆನ್ನಾಗಿ ಬಿಸಿಲಿಗೆ ಹಾಕಬೇಕು, ಹರಳೆಣ್ಣೆ ಸವರಬೇಕು, ಬೇಗ ಖಾಲಿ ಮಾಡಬೇಕು. ಮುಂದಿನ ಸಲ ತಂದ ಕಾಳನ್ನು ಗಾಳಿಯಾಡದ ಡಬ್ಬದಲ್ಲಿ ನಾಲ್ಕೈದು ದಿನ ಫ್ರೀಜರಿನಲ್ಲಿಡಿ, ಮೊಟ್ಟೆಗಳು ಸಾಯುತ್ತವೆ. ತಂಪು ಪೂರ್ತಿ ಆರಿದ ಮೇಲೆಯೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ನೀರು ಬೆವರಿ ಬೂಷ್ಟು ಹಿಡಿಯುತ್ತದೆ. ಈಗಿನ ಕಾಳನ್ನು ಮಾತ್ರ ಅದೇ ಅಂಗಡಿಗೆ ವಾಪಸು ಒಯ್ದು ತೋರಿಸಿ. ಅದೇ ಮೂಟೆಯ ಕಾಳು ಇನ್ನೂ ಎಷ್ಟೋ ಮನೆಗಳಿಗೆ ಹೋಗುತ್ತಿರುತ್ತದೆ.